ಒಂದೇ ಪಾರ್ಶ್ವದಲ್ಲಿ ಎರಡು ವೃಷಣಗಳು: ಗಂಡುಮಕ್ಕಳ ಅಪರೂಪದ ಒಂದು ಜನ್ಮದೋಷ



ಎಳೆಯ ಕೂಸಿನ ಮೈಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅದಕ್ಕೆ ಎಣ್ಣೆ ಹಚ್ಚಿ ನೀರೆರೆಯುವವರು. ಕಾಲು ನೀಡಿ ಕುಳಿತು, ಮಗುವನ್ನು ಕಾಲುಗಳ ಮೇಲೆ ಮಲಗಿಸಿಕೊಂಡು ನೀರು ಹಾಕುವ ಅಜ್ಜಿಯ ಕೈಗೆ, ಇಲ್ಲವೆ ಬಾಣಂತನಕ್ಕೆಂದು ಬಂದ ಹಿರಿಯ ಹೆಂಗಸಿನ ಕೈಗೆ, ಮಗುವಿನ ಅಂಗಾಂಗಗಳ ಪರಿಚಯ ವೈದ್ಯರಿಗಿಂತ ಮೊದಲೇ ಆಗಿರುತ್ತದೆ. ಗಂಡುಮಗುವಿನ ವೃಷಣಚೀಲದ ಒಂದು ಪಾರ್ಶ್ವ ಬರಿದಾಗಿದೆ ಎಂಬುದು ಅನೇಕ ಮನೆಗಳಲ್ಲಿ ಮೊದಲು ತಿಳಿಯುವುದು ಅವರಿಗೇ. ಆದರೆ ಕಂಡದ್ದನ್ನು ಬಾಯಿಬಿಟ್ಟು ಹೇಳುವುದು ವಿರಳ. "ಇರಲಿ ಬಿಡು, ಬೆಳೆದ ಹಾಗೆ ತಾನಾಗಿ ಇಳಿಯುತ್ತದೆ" ಎಂಬ ಸಮಾಧಾನದ ಮಾತಿನಲ್ಲಿ ವಿಷಯ ಮುಗಿದುಹೋಗುತ್ತದೆ. ಹುಡುಗ ಶಾಲೆಗೆ ಹೋಗುತ್ತಾನೆ, ಮೀಸೆ ಮೂಡುತ್ತದೆ. ಮದುವೆಯ ಮಾತು ಬಂದಾಗಲೋ, ಮದುವೆಯಾಗಿ ಮಕ್ಕಳಾಗದಿದ್ದಾಗಲೋ ಹಳೆಯ ಸಂಗತಿ ಹೊರಬೀಳುತ್ತದೆ. ಅಷ್ಟು ಹೊತ್ತಿಗೆ ಚಿಕಿತ್ಸೆಗೆ ಪ್ರಶಸ್ತವಾದ ಕಾಲ ಎಂದೋ ಕಳೆದುಹೋಗಿರುತ್ತದೆ.

ಈ ಉಪನ್ಯಾಸದ ವಿಷಯ ಇಂಥ ದೋಷಗಳಲ್ಲಿ ಅತ್ಯಂತ ಅಪರೂಪದ ಒಂದು ಬಗೆ. ಬಲಗಡೆಯೂ ಎಡಗಡೆಯೂ ಒಂದೊಂದಾಗಿ ಇರಬೇಕಾದ ವೃಷಣಗಳು ಎರಡೂ ಒಂದೇ ಕಡೆಗೆ ಸರಿದು ಸೇರಿರುವ ಸ್ಥಿತಿ ಅದು. ವೈದ್ಯರು ಇದನ್ನು 'ಟ್ರಾನ್ಸ್‌ವರ್ಸ್ ಟೆಸ್ಟಿಕ್ಯುಲರ್ ಎಕ್ಟೋಪಿಯ' ಎಂದು ಕರೆಯುತ್ತಾರೆ. ಕನ್ನಡದಲ್ಲಿ ವೃಷಣದ ಅಡ್ಡ ಸ್ಥಾನಪಲ್ಲಟ ಎನ್ನಬಹುದು. ಲೆನ್‌ಹೊಸೆಕ್ ಎಂಬ ಅಂಗರಚನಾಶಾಸ್ತ್ರಜ್ಞ 1886ರಲ್ಲಿ ಇದನ್ನು ಮೊತ್ತಮೊದಲು ವರ್ಣಿಸಿದನು. ಅಂದಿನಿಂದ ಇಂದಿನವರೆಗೆ ವೈದ್ಯಕೀಯ ನಿಯತಕಾಲಿಕೆಗಳಲ್ಲಿ ವರದಿಯಾಗಿರುವ ಪ್ರಕರಣಗಳು ಕೆಲವು ನೂರರಷ್ಟೇ. ಅಷ್ಟು ವಿರಳವಾದ ದೋಷದ ಬಗ್ಗೆ ಜನಸಾಮಾನ್ಯರಿಗೆ ತಿಳಿಸುವ ಅಗತ್ಯವೇನು ಎಂಬ ಪ್ರಶ್ನೆ ಸಹಜವಾದುದೇ. ಇದನ್ನು ಪತ್ತೆ ಹಚ್ಚುವ ದಾರಿಯೂ ಇದಕ್ಕಿಂತ ಎಷ್ಟೋ ಪಾಲು ಸಾಮಾನ್ಯವಾದ 'ಇಳಿಯದ ವೃಷಣ'ವನ್ನು ಪತ್ತೆ ಹಚ್ಚುವ ದಾರಿಯೂ ಆರಂಭದಲ್ಲಿ ಒಂದೇ ಆಗಿವೆ. ಆ ದಾರಿಯ ಮೊದಲ ಹೆಜ್ಜೆಯನ್ನು ಇಡಬೇಕಾದವರು ಮನೆಯವರು.

ಸಹಜ ಬೆಳವಣಿಗೆಯನ್ನು ಅರಿತರೆ ದೋಷವನ್ನು ಅರಿಯುವುದು ಸುಲಭ. ವೃಷಣಗಳು ಹುಟ್ಟುವುದು ಚೀಲದಲ್ಲಲ್ಲ, ಗರ್ಭಸ್ಥ ಶಿಶುವಿನ ಹೊಟ್ಟೆಯೊಳಗೆ, ಮೂತ್ರಪಿಂಡಗಳ ಸಮೀಪದಲ್ಲಿ. ಗರ್ಭದ ಏಳನೆಯ ವಾರದ ವೇಳೆಗೆ ಅವು ವೃಷಣಗಳಾಗಿ ರೂಪುಗೊಳ್ಳತೊಡಗುತ್ತವೆ. ಆಮೇಲೆ ಅವುಗಳ ಪ್ರಯಾಣ ಎರಡು ಘಟ್ಟಗಳಲ್ಲಿ ನಡೆಯುತ್ತದೆ. ಮೊದಲ ಘಟ್ಟದಲ್ಲಿ ಹೊಟ್ಟೆಯ ಕೆಳಭಾಗದವರೆಗೆ ಬರುತ್ತವೆ. ಎರಡನೆಯ ಘಟ್ಟದಲ್ಲಿ, ಸುಮಾರು ಏಳನೆಯ ತಿಂಗಳಿನಿಂದಾಚೆಗೆ, ತೊಡೆಸಂದಿನ ಕಿರುದಾರಿಯನ್ನು ಹಾದು ಚೀಲಕ್ಕೆ ಇಳಿಯುತ್ತವೆ. ಪ್ರತಿಯೊಂದು ವೃಷಣಕ್ಕೂ ಹಗ್ಗದಂಥ ಒಂದು ಕಟ್ಟು ಇದ್ದು, ಅದೇ ಅದಕ್ಕೆ ದಾರಿ ತೋರುತ್ತದೆ. ಚೀಲದಲ್ಲಿ ಉಷ್ಣತೆಯು ದೇಹದ ಒಳಗಿಗಿಂತ ಎರಡರಿಂದ ನಾಲ್ಕು ಡಿಗ್ರಿಗಳಷ್ಟು ಕಡಿಮೆ. ವೀರ್ಯಾಣುಗಳ ಉತ್ಪತ್ತಿಗೆ ಆ ತಂಪು ಅವಶ್ಯಕ. ಪ್ರಕೃತಿ ಇಷ್ಟು ನಾಜೂಕಾದ ಅಂಗವನ್ನು ಮೈಯಿಂದ ಹೊರಗೆ ತೂಗಬಿಟ್ಟಿರುವುದರ ಅರ್ಥ ಇದೇ.

ಈ ಪ್ರಯಾಣ ನಡುವೆಯೇ ನಿಂತುಹೋದರೆ ಅದು ಇಳಿಯದ ವೃಷಣ. ದಿನ ತುಂಬಿ ಹುಟ್ಟಿದ ಗಂಡುಮಕ್ಕಳಲ್ಲಿ ನೂರಕ್ಕೆ ಎರಡರಿಂದ ನಾಲ್ಕು ಮಂದಿಯಲ್ಲಿ ಇದು ಕಂಡುಬರುತ್ತದೆ. ದಿನ ತುಂಬದೆ ಹುಟ್ಟಿದವರಲ್ಲಿ ಪ್ರಮಾಣ ಇನ್ನೂ ಬಹಳ ಹೆಚ್ಚು. ಇವರಲ್ಲಿ ಬಹುಪಾಲು ಮಕ್ಕಳಿಗೆ ಮೊದಲ ಕೆಲವು ತಿಂಗಳುಗಳಲ್ಲಿ ವೃಷಣ ತಾನಾಗಿ ಇಳಿಯುವುದೂ ಉಂಟು. ಆದುದರಿಂದ ಅಜ್ಜಿಯ ಸಮಾಧಾನದ ಮಾತು ಪೂರ್ತಿ ಸುಳ್ಳೇನಲ್ಲ. ಅದಕ್ಕೊಂದು ಅವಧಿ ಇದೆ ಎಂಬುದಷ್ಟೇ ಅದರಲ್ಲಿ ಬಿಟ್ಟುಹೋಗಿರುವ ಅಂಶ. ಆ ಅವಧಿ ಆರು ತಿಂಗಳು. ಅವಧಿಗೆ ಮುನ್ನ ಹುಟ್ಟಿದ ಮಗುವಾದರೆ ಹೆರಿಗೆಯಾಗಬೇಕಿದ್ದ ದಿನದಿಂದ ಆರು ತಿಂಗಳನ್ನು ಎಣಿಸಬೇಕು. ಅದರಾಚೆಗೆ ತಾನಾಗಿ ಇಳಿಯುವ ಸಂಭವ ತೀರ ಕಡಿಮೆ.

ಅಡ್ಡ ಸ್ಥಾನಪಲ್ಲಟದಲ್ಲಿ ಆಗುವುದೇ ಬೇರೆ. ಇಲ್ಲಿ ವೃಷಣದ ಪ್ರಯಾಣ ನಿಂತಿರುವುದಿಲ್ಲ, ದಾರಿ ತಪ್ಪಿರುತ್ತದೆ. ಎಡಗಡೆಯ ವೃಷಣವು ಎಡ ತೊಡೆಸಂದಿಗೆ ಬರುವ ಬದಲು ನಡುಗೆರೆಯನ್ನು ದಾಟಿ ಬಲ ತೊಡೆಸಂದಿನ ದಾರಿಯನ್ನೇ ಹಿಡಿಯುತ್ತದೆ. ಇಲ್ಲವೆ ಬಲಗಡೆಯದು ಎಡಕ್ಕೆ ಹೋಗುತ್ತದೆ. ದಾಟಿಬಂದ ವೃಷಣ ತನ್ನ ರಕ್ತನಾಳವನ್ನೂ ವೀರ್ಯನಾಳವನ್ನೂ ಸಾಮಾನ್ಯವಾಗಿ ತನ್ನ ಮೂಲ ಪಾರ್ಶ್ವದಿಂದಲೇ ಎಳೆದುಕೊಂಡು ಬಂದಿರುತ್ತದೆ. ಹೆಚ್ಚುವರಿ ವೃಷಣವಿರುವ ದೋಷ ಇನ್ನೊಂದುಂಟು. ಅದರಲ್ಲಿ ಸಾಮಾನ್ಯವಾಗಿ ವೃಷಣಗಳು ಮೂರಿರುತ್ತವೆ. ಇಲ್ಲಿ ಸಂಖ್ಯೆ ಎರಡೇ, ಸ್ಥಾನ ಮಾತ್ರ ಒಂದು. ಎರಡನ್ನೂ ಒಂದೆಂದು ತಿಳಿಯಬಾರದು.

ಇಂಥ ಮಗು ವೈದ್ಯರ ಬಳಿಗೆ ಬರುವುದು ಹೇಗೆ? ಉದಾಹರಣೆಗೆ ಎರಡು ವರ್ಷದ ಒಬ್ಬ ಬಾಲಕನನ್ನು ಕಲ್ಪಿಸಿಕೊಳ್ಳಬಹುದು. ಅತ್ತಾಗ, ಕೆಮ್ಮಿದಾಗ ಅವನ ಬಲ ತೊಡೆಸಂದಿನಲ್ಲಿ ನಿಂಬೆಕಾಯಿಯಷ್ಟು ಗಾತ್ರದ ಉಬ್ಬು ಏಳುತ್ತದೆ, ಮಲಗಿದಾಗ ಇಳಿಯುತ್ತದೆ. ಮನೆಯವರು ಅದನ್ನು ಅಂಡವಾಯು ಎಂದು ಸರಿಯಾಗಿಯೇ ಗುರುತಿಸುತ್ತಾರೆ. ಎಡಗಡೆ ಚೀಲ ಬರಿದಾಗಿದೆ ಎಂಬುದನ್ನು ತಾಯಿ ಮೊದಲಿನಿಂದಲೂ ಬಲ್ಲಳು. ಆದರೆ ಉಬ್ಬು ಇರುವುದು ಬಲಗಡೆ ತಾನೆ! ವೈದ್ಯರಿಗೆ ಅವಳು ಉಬ್ಬನ್ನಷ್ಟೇ ತೋರಿಸುತ್ತಾಳೆ. ಎಡಗಡೆಯ ಸಂಗತಿ ಇದಕ್ಕೆ ಸಂಬಂಧಿಸಿದ್ದಲ್ಲವೆಂದು ಅವಳು ಭಾವಿಸುತ್ತಾಳೆ. ಎರಡು ಕಡೆಯ ಎರಡು ಕಾಯಿಲೆಗಳಂತೆ ಕಾಣುವುದು ವಾಸ್ತವವಾಗಿ ಒಂದೇ ದೋಷದ ಎರಡು ಮುಖಗಳು. ಒಂದು ಕಡೆ ಅಂಡವಾಯು, ಇನ್ನೊಂದು ಕಡೆ ಬರಿದಾದ ಚೀಲ: ಈ ಜೋಡಿ ಕಂಡಾಗ ಬಹುಪಾಲು ಮಕ್ಕಳಲ್ಲಿ ಅದು ಸಾಮಾನ್ಯ ಅಂಡವಾಯುವೂ ಸಾಮಾನ್ಯವಾದ ಇಳಿಯದ ವೃಷಣವೂ ಆಗಿರುತ್ತದೆ ಎಂಬುದು ನಿಜ. ಆದರೂ ಕಾಣೆಯಾದದ್ದು ಉಬ್ಬಿನೊಳಗೇ ಇರಬಹುದೆಂಬ ಯೋಚನೆ ಶಸ್ತ್ರವೈದ್ಯರಿಗೆ ಹೊಳೆಯಬೇಕು. ಅದು ಹೊಳೆಯಬೇಕಾದರೆ ತಾಯಿ ಎರಡೂ ಕಡೆಯ ಮಾತನ್ನು ಹೇಳಬೇಕು.

ಹೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಈ ದೋಷದ ಚರಿತ್ರೆಯೇ ಸಾಕ್ಷಿ. ವರದಿಯಾದ ಪ್ರಕರಣಗಳಲ್ಲಿ ಹೆಚ್ಚಿನವು ಮೊದಲೇ ತಿಳಿದು ಕಂಡುಹಿಡಿದವಲ್ಲ. ಅಂಡವಾಯುವಿಗೆಂದು ಶಸ್ತ್ರಕ್ರಿಯೆ ನಡೆಸುತ್ತಿರುವಾಗ ಅಕಸ್ಮಾತ್ತಾಗಿ ಎದುರಾದವು. ಚೀಲವನ್ನು ತೆರೆದಾಗ ಒಂದರ ಹಿಂದೆ ಇನ್ನೊಂದು ವೃಷಣ ಕಾಣಿಸಿದರೆ ಅನುಭವಿಯಾದ ಕೈಯೂ ಒಂದು ಕ್ಷಣ ನಿಲ್ಲುತ್ತದೆ. ಅನುಭವ ಸಾಲದ ಕೈಯಾದರೆ ಅದನ್ನು ಬೇಡದ ಗಂಟೆಂದು ತಿಳಿದು ಹಾನಿ ಮಾಡುವ ಅಪಾಯವುಂಟು.

ಪರೀಕ್ಷೆಯ ವಿಚಾರಕ್ಕೆ ಬಂದರೆ, ಎಲ್ಲಕ್ಕಿಂತ ಮುಖ್ಯವಾದುದು ತರಬೇತಾದ ಕೈಬೆರಳುಗಳ ಸ್ಪರ್ಶ. ಬೆಚ್ಚಗಿನ ಕೋಣೆಯಲ್ಲಿ, ಬೆಚ್ಚಗಿನ ಕೈಯಿಂದ, ಮಗು ಅಳದಿರುವಾಗ ನೋಡಬೇಕು. ಚಳಿಗೆ ಅಥವಾ ಹೆದರಿಕೆಗೆ ವೃಷಣಗಳು ಮೇಲಕ್ಕೆ ಸೆಳೆದುಕೊಳ್ಳುವುದು ಮಕ್ಕಳಲ್ಲಿ ಸಹಜ. ಬಿಸಿನೀರಿನ ಸ್ನಾನದಲ್ಲಿ ಅಥವಾ ಕುಕ್ಕರಗಾಲಿನಲ್ಲಿ ಕುಳಿತಾಗ ಚೀಲಕ್ಕೆ ಬಂದು ನಿಲ್ಲುವ ವೃಷಣ ದೋಷಯುಕ್ತವಲ್ಲ. ಅದಕ್ಕೆ ಶಸ್ತ್ರಕ್ರಿಯೆಯೂ ಬೇಡ, ವರ್ಷಕ್ಕೊಮ್ಮೆ ತೋರಿಸುತ್ತಿದ್ದರೆ ಸಾಕು. ಈ ವ್ಯತ್ಯಾಸವನ್ನು ಮನೆಯವರು ಸ್ನಾನದ ಹೊತ್ತಿನಲ್ಲಿ ಗಮನಿಸಿ ಹೇಳಿದರೆ ವೈದ್ಯರ ಕೆಲಸ ಅರ್ಧ ಹಗುರವಾಗುತ್ತದೆ.

ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಬಗೆಗೆ ಜನರಲ್ಲಿ ಅತಿಯಾದ ನಂಬಿಕೆಯಿದೆ. ಕೈಗೆ ಸಿಗದ ವೃಷಣ ಹೊಟ್ಟೆಯೊಳಗಿದೆಯೆ ಇಲ್ಲವೆ ಎಂಬುದನ್ನು ಸ್ಕ್ಯಾನಿಂಗ್ ಖಚಿತವಾಗಿ ಹೇಳಲಾರದು. ಸ್ಕ್ಯಾನಿನಲ್ಲಿ ಕಾಣಲಿಲ್ಲವೆಂದ ಮಾತ್ರಕ್ಕೆ ವೃಷಣ ಇಲ್ಲವೇ ಇಲ್ಲವೆಂದು ಕೈಚೆಲ್ಲುವುದು ತಪ್ಪು. ಆದರೆ ತೊಡೆಸಂದಿನ ಉಬ್ಬಿನಲ್ಲಿ ಎರಡು ವೃಷಣಗಳು ಅಕ್ಕಪಕ್ಕದಲ್ಲಿದ್ದರೆ ಅದೇ ಸ್ಕ್ಯಾನಿಂಗ್ ಅವನ್ನು ಸ್ಪಷ್ಟವಾಗಿ ತೋರಿಸಬಲ್ಲದು. ಆದುದರಿಂದ ಈ ದೋಷದ ಶಂಕೆಯಿರುವಲ್ಲಿ ಅದರ ಉಪಯೋಗ ದೊಡ್ಡದು. ಅಂತಿಮ ನಿರ್ಣಯಕ್ಕೆ ಲ್ಯಾಪರೊಸ್ಕೋಪ್, ಅಂದರೆ ಹೊಕ್ಕುಳಿನ ಬಳಿ ಸಣ್ಣ ರಂಧ್ರದ ಮೂಲಕ ಹೊಟ್ಟೆಯೊಳಗನ್ನು ನೋಡುವ ಉದರದರ್ಶಕವೇ ಶ್ರೇಷ್ಠ ಸಾಧನ. ನೋಡುವುದೂ ಸರಿಪಡಿಸುವುದೂ ಅದರಿಂದ ಒಂದೇ ಸಲಕ್ಕೆ ಸಾಧ್ಯವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಸೇರಿಸುವುದು ಅಗತ್ಯ. ನವಜಾತ ಶಿಶುವಿನಲ್ಲಿ ಎರಡೂ ಕಡೆ ವೃಷಣಗಳು ಕೈಗೆ ಸಿಗದಿದ್ದರೆ, ಶಿಶ್ನ ಸರಿಯಾಗಿಯೇ ಕಂಡರೂ, ಆರು ತಿಂಗಳು ಕಾಯುವಂತಿಲ್ಲ. ಅಡ್ರಿನಲ್ ಗ್ರಂಥಿಯ ಒಂದು ಹುಟ್ಟುರೋಗದಿಂದ ಹೆಣ್ಣುಮಗುವೇ ಹೊರನೋಟಕ್ಕೆ ಗಂಡಿನಂತೆ ಕಾಣುವುದುಂಟು. ಅಂಥ ಮಗುವಿನ ಮೈಯಿಂದ ಉಪ್ಪಿನಂಶ ಸೋರಿಹೋಗಿ ಮೊದಲ ಕೆಲವು ವಾರಗಳಲ್ಲೇ ಪ್ರಾಣಾಪಾಯ ಒದಗಬಹುದು. ಆಸ್ಪತ್ರೆ ಬಿಡುವ ಮುನ್ನವೇ ಮಕ್ಕಳ ವೈದ್ಯರಿಂದ ಇದನ್ನು ಪರಿಶೀಲಿಸಿಕೊಳ್ಳಬೇಕು.

1982ರಲ್ಲಿ ಗಾಡರರ್ ಮತ್ತು ಸಂಗಡಿಗರು ಅಡ್ಡ ಸ್ಥಾನಪಲ್ಲಟವನ್ನು ಮೂರು ಬಗೆಗಳಾಗಿ ವಿಂಗಡಿಸಿದರು. ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಅಂಡವಾಯುವಿನ ಹೊರತು ಬೇರೇನೂ ಇರುವುದಿಲ್ಲ. ನೂರಕ್ಕೆ ಇಪ್ಪತ್ತರಷ್ಟು ಮಕ್ಕಳಲ್ಲಿ ಮೂತ್ರದ್ವಾರ ತಪ್ಪು ಜಾಗದಲ್ಲಿರುವುದೇ ಮುಂತಾದ ಇತರ ದೋಷಗಳಿರುತ್ತವೆ. ಉಳಿದ ನೂರಕ್ಕೆ ಮೂವತ್ತರಷ್ಟು ಮಕ್ಕಳ ಸಂಗತಿ ತಂದೆತಾಯಿಗಳನ್ನು ದಿಗ್ಭ್ರಮೆಗೊಳಿಸುವಂಥದು. ಆ ಬಾಲಕರ ಹೊಟ್ಟೆಯೊಳಗೆ ಪುಟ್ಟ ಗರ್ಭಾಶಯವೂ ಗರ್ಭನಾಳಗಳೂ ಇರುತ್ತವೆ.

ಈ ಮಾತನ್ನು ಶಸ್ತ್ರಕ್ರಿಯೆಯ ಕೊಠಡಿಯಿಂದ ಹೊರಬಂದ ವೈದ್ಯರು ಅವಸರದಲ್ಲಿ ಅರ್ಧವಾಕ್ಯದಲ್ಲಿ ಹೇಳಿ ಹೋದರೆ ಮನೆಯವರ ಪಾಡೇನು? ಅದರಲ್ಲಿಯೂ ಅದು ಅರೆಬರೆ ತಿಳಿಯುವ ಮರಾಠಿಯಲ್ಲೋ ತಮಿಳಿನಲ್ಲೋ ಹೇಳಿದ ಮಾತಾದರೆ? ಮಗು ಗಂಡೋ ಹೆಣ್ಣೋ ಎಂಬ ಸಂಶಯ ಒಮ್ಮೆ ಮನೆ ಹೊಕ್ಕರೆ ಅದು ಹೊರಡುವುದು ಕಷ್ಟ. ಆದುದರಿಂದ ಇದನ್ನು ವಿವರವಾಗಿ ತಿಳಿಯಬೇಕು. ಗರ್ಭದ ಮೊದಲ ವಾರಗಳಲ್ಲಿ ಪ್ರತಿಯೊಂದು ಭ್ರೂಣದಲ್ಲಿಯೂ, ಅದು ಮುಂದೆ ಗಂಡಾಗಲಿ ಹೆಣ್ಣಾಗಲಿ, ಎರಡು ಜೊತೆ ನಾಳಗಳಿರುತ್ತವೆ. ಒಂದು ಜೊತೆ ಗಂಡಿನ ವೀರ್ಯನಾಳಗಳಾಗತಕ್ಕದ್ದು. ಇನ್ನೊಂದು, ಮ್ಯುಲ್ಲರ್ ನಾಳಗಳೆಂಬುದು, ಹೆಣ್ಣಿನ ಗರ್ಭಾಶಯವಾಗತಕ್ಕದ್ದು. ಗಂಡುಭ್ರೂಣದ ವೃಷಣಗಳು ಒಂದು ವಿಶಿಷ್ಟ ರಸವನ್ನು ಸ್ರವಿಸಿ ಮ್ಯುಲ್ಲರ್ ನಾಳಗಳನ್ನು ಕರಗಿಸುತ್ತವೆ. ಫ್ರಾನ್ಸಿನ ಆಲ್ಫ್ರೆಡ್ ಜೋಸ್ಟ್ ಎಂಬ ವಿಜ್ಞಾನಿ 1940ರ ದಶಕದಲ್ಲಿ ಮೊಲದ ಭ್ರೂಣಗಳ ಮೇಲೆ ಸೂಕ್ಷ್ಮ ಪ್ರಯೋಗಗಳನ್ನು ನಡೆಸಿ, ಪುರುಷ ಹಾರ್ಮೋನಿಗಿಂತ ಬೇರೆಯಾದ ಇಂಥದೊಂದು ರಸ ಇರಲೇಬೇಕೆಂದು ತೋರಿಸಿದನು. ಆ ರಸ ತಯಾರಾಗದಿದ್ದರೆ, ಅಥವಾ ತಯಾರಾದರೂ ಅದನ್ನು ಸ್ವೀಕರಿಸುವ ಶಕ್ತಿ ಜೀವಕೋಶಗಳಿಗೆ ಇಲ್ಲದಿದ್ದರೆ, ಕರಗಬೇಕಾಗಿದ್ದ ನಾಳಗಳು ಹಾಗೆಯೇ ಉಳಿಯುತ್ತವೆ. ಆ ಮಗುವಿನ ವರ್ಣತಂತುಗಳು ಗಂಡಿನವು, ವೃಷಣಗಳು ಗಂಡಿನವು, ಹೊರಗಿನ ಅಂಗಗಳು ಗಂಡಿನವು. ಮಗು ಗಂಡೇ. ಹೊಟ್ಟೆಯೊಳಗೆ ಇರುವುದು ಕರಗದೆ ಉಳಿದ ಒಂದು ಅವಶೇಷ ಮಾತ್ರ.

ಈ ಅವಶೇಷವನ್ನು ತೆಗೆಯಬೇಕೆ ಬಿಡಬೇಕೆ ಎಂಬುದು ಶಸ್ತ್ರವೈದ್ಯರಲ್ಲಿ ಇಂದಿಗೂ ಚರ್ಚೆಯಲ್ಲಿರುವ ವಿಷಯ. ವೀರ್ಯನಾಳಗಳು ಅದರ ಗೋಡೆಗೆ ಅಂಟಿಕೊಂಡೇ ಸಾಗಿರುವುದರಿಂದ, ಕತ್ತರಿಸಲು ಹೋಗಿ ಅವುಗಳಿಗೆ ಪೆಟ್ಟು ಬೀಳುವ ಭಯವಿದೆ. ಹಾಗೆಯೇ ಬಿಟ್ಟ ಕೆಲವರಲ್ಲಿ ವಯಸ್ಸಾದ ಮೇಲೆ ಅದರಲ್ಲಿ ಅರ್ಬುದ ಬೆಳೆದ ವರದಿಗಳೂ ಇವೆ. ಮೊದಲ ಶಸ್ತ್ರಕ್ರಿಯೆಯ ಸಂದರ್ಭದಲ್ಲಿ ಅನಿರೀಕ್ಷಿತವಾಗಿ ಇದು ಕಂಡರೆ ಅವಸರದಿಂದ ಏನನ್ನೂ ಕಿತ್ತುಹಾಕದೆ, ಅಂಡವಾಯುವನ್ನು ಮಾತ್ರ ಸರಿಪಡಿಸಿ ಮುಚ್ಚಿ, ವರ್ಣತಂತು ಪರೀಕ್ಷೆ ಮತ್ತು ಹಾರ್ಮೋನು ಪರೀಕ್ಷೆಗಳ ನಂತರ ತಂದೆತಾಯಿಗಳೊಡನೆ ಸಮಾಲೋಚಿಸಿ ಮುಂದುವರಿಯುವುದು ವಿವೇಕದ ಮಾರ್ಗ. ಎರಡನೆಯ ಸಲ ಅರಿವಳಿಕೆ ಕೊಡಬೇಕಾಯಿತಲ್ಲ ಎಂದು ಮನೆಯವರು ಬೇಸರಪಡುವುದು ಸಹಜ. ಆದರೆ ತೆಗೆದ ಅಂಗವನ್ನು ಮರಳಿ ಇಡಲು ಬಾರದು.

ಗರ್ಭಾಶಯ ಉಳಿದಿರುವ ಈ ಬಗೆ ಆನುವಂಶಿಕವಾದುದು. ತಾಯಿತಂದೆ ಇಬ್ಬರಲ್ಲಿಯೂ ಅಡಗಿರುವ ದೋಷದ ವಂಶವಾಹಿ ಮಗುವಿನಲ್ಲಿ ಒಂದಾದಾಗ ಇದು ಪ್ರಕಟವಾಗುತ್ತದೆ. ಅಂಥ ದಂಪತಿಗಳ ಪ್ರತಿಯೊಬ್ಬ ಗಂಡುಮಗನಿಗೂ ನಾಲ್ಕರಲ್ಲಿ ಒಂದು ಪಾಲು ಸಂಭವವಿದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ವರಿಸುವ ಪದ್ಧತಿ ಕನ್ನಡ ನಾಡಿನಲ್ಲಿಯೂ ನೆರೆಯ ತೆಲುಗು, ತಮಿಳು ನಾಡುಗಳಲ್ಲಿಯೂ ಬಹುಕಾಲದಿಂದ ಬಂದದ್ದು. ರಕ್ತಸಂಬಂಧದೊಳಗಿನ ವಿವಾಹಗಳಲ್ಲಿ ಇಂಥ ಅಡಗಿದ ವಂಶವಾಹಿಗಳು ಒಂದಾಗುವ ಸಂಭವ ಹೆಚ್ಚು. ಇದು ತಾಯಿಯ ತಪ್ಪೂ ಅಲ್ಲ, ಗ್ರಹಣ ನೋಡಿದ ಫಲವೂ ಅಲ್ಲ. ಒಬ್ಬ ಬಾಲಕನಲ್ಲಿ ಇದು ಪತ್ತೆಯಾದರೆ ಅವನ ಅಣ್ಣತಮ್ಮಂದಿರನ್ನೂ ಪರೀಕ್ಷೆಗೆ ಕರೆದೊಯ್ಯಬೇಕು.

ಚಿಕಿತ್ಸೆ ಶಸ್ತ್ರಕ್ರಿಯೆಯೇ. ಹಾರ್ಮೋನಿನ ಚುಚ್ಚುಮದ್ದಿನಿಂದ ವೃಷಣವನ್ನು ಇಳಿಸುವ ಪ್ರಯತ್ನ ಹಿಂದೆ ವ್ಯಾಪಕವಾಗಿತ್ತು. ಫಲ ಅಲ್ಪವೆಂದು ಕಂಡುಬಂದುದರಿಂದ ಅದನ್ನು ಈಗ ಸಾಮಾನ್ಯವಾಗಿ ಶಿಫಾರಸು ಮಾಡುವುದಿಲ್ಲ. ಎಣ್ಣೆ ಹಚ್ಚಿ ನೀವುವುದು, ಉಬ್ಬಿನ ಮೇಲೆ ಪಟ್ಟಿ ಬಿಗಿಯುವುದು, ಇವುಗಳಿಂದ ಪ್ರಯೋಜನವಿಲ್ಲ, ಅಪಾಯವಿದೆ. ಶಸ್ತ್ರಕ್ರಿಯೆಗೆ ಪ್ರಶಸ್ತ ವಯಸ್ಸು ಆರು ತಿಂಗಳಿನಿಂದ ಹದಿನೆಂಟು ತಿಂಗಳವರೆಗೆ. ತಡವಾಗಿ ಪತ್ತೆಯಾದರೆ ಪತ್ತೆಯಾದ ಕೂಡಲೇ ಮಾಡಿಸುವುದು ಲೇಸು. ದಾಟಿಬಂದ ವೃಷಣದ ನಾಳಗಳು ಸಾಕಷ್ಟು ಉದ್ದವಾಗಿದ್ದರೆ ಅದನ್ನು ಹಿಂದಕ್ಕೆ ಕರೆದೊಯ್ದು ಅದರ ಸ್ವಸ್ಥಾನದಲ್ಲಿ ನಿಲ್ಲಿಸಬಹುದು. ಉದ್ದ ಸಾಲದಿದ್ದರೆ ಫ್ರಾನ್ಸಿನ ಓಂಬ್ರೆದಾನ್ ಎಂಬ ಶಸ್ತ್ರವೈದ್ಯನ ಹೆಸರಿನ ವಿಧಾನವನ್ನು ಅನುಸರಿಸುತ್ತಾರೆ: ಚೀಲದ ನಡುವಿನ ಪರದೆಯಲ್ಲಿ ಕಿಂಡಿ ಮಾಡಿ, ಅದರ ಮೂಲಕ ವೃಷಣವನ್ನು ಆಚೆ ಬದಿಗೆ ದಾಟಿಸಿ ನೆಲೆಗೊಳಿಸುವುದು. ಮಗು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಮನೆಗೆ ಮರಳುತ್ತದೆ. ಗಾಯ ಮಾಯುವವರೆಗೆ, ವೈದ್ಯರು ಹೇಳಿದಷ್ಟು ದಿನ, ಕಾಲು ಅಗಲಿಸಿ ಸೊಂಟದ ಮೇಲೆ ಕೂರಿಸಿಕೊಳ್ಳುವುದನ್ನೂ ಮೂರು ಗಾಲಿಯ ಸೈಕಲ್ಲನ್ನೂ ನಿಲ್ಲಿಸಬೇಕು.

ಶಸ್ತ್ರಕ್ರಿಯೆಗೆ ಕಾಯುತ್ತಿರುವಾಗ ಉಬ್ಬು ಗಟ್ಟಿಯಾಗಿ ಒಳಗೆ ಹೋಗದೆ ನಿಂತರೆ, ಮಗು ಒಂದೇ ಸಮನೆ ಅಳುತ್ತ ವಾಂತಿ ಮಾಡತೊಡಗಿದರೆ, ಕರುಳು ಸಿಕ್ಕಿಕೊಂಡಿದೆಯೆಂದು ತಿಳಿದು ರಾತ್ರಿಯಾದರೂ ಆಸ್ಪತ್ರೆಗೆ ಒಯ್ಯಬೇಕು. ತೊಡೆಸಂದಿನಲ್ಲಿ ಹಠಾತ್ತನೆ ತೀವ್ರವಾದ ನೋವು ಬಂದರೂ ಹಾಗೆಯೇ. ವೃಷಣ ತಿರುಚಿಕೊಂಡಿದ್ದರೆ ಅದನ್ನು ಉಳಿಸಲು ಇರುವ ಸಮಯ ಕೆಲವೇ ಗಂಟೆಗಳು.

ಮುಂದಿನ ಬದುಕಿನ ಬಗ್ಗೆ ಅತಿಯಾದ ಭಯವೂ ಬೇಡ, ಮರೆವೂ ಸಲ್ಲದು. ಗರ್ಭಾಶಯ ಉಳಿದಿರುವ ಬಗೆಯಲ್ಲಿ ಸಂತಾನಶಕ್ತಿ ಕುಂದಿರುವುದು ಹೆಚ್ಚು. ಆದರೆ ತಂದೆಯಾದವರೂ ಉಂಟು. ಸ್ಥಾನ ತಪ್ಪಿದ ವೃಷಣದಲ್ಲಿ ಅರ್ಬುದದ ಸಂಭವ ಸಾಮಾನ್ಯಕ್ಕಿಂತ ಹೆಚ್ಚು. ಇಳಿಯದ ವೃಷಣಕ್ಕೆ ಶಸ್ತ್ರಕ್ರಿಯೆಯಾದವರನ್ನು ಕುರಿತು ಸ್ವೀಡನ್ನಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಹದಿಮೂರು ವರ್ಷಕ್ಕೆ ಮುನ್ನ ಶಸ್ತ್ರಕ್ರಿಯೆಯಾದವರಲ್ಲಿ ಈ ಸಂಭವ ಸಾಮಾನ್ಯರ ಎರಡು ಪಟ್ಟಿಗಿಂತ ತುಸು ಹೆಚ್ಚು, ಆಮೇಲೆ ಆದವರಲ್ಲಿ ಐದು ಪಟ್ಟಿಗಿಂತ ಹೆಚ್ಚು ಎಂದು ಕಂಡುಬಂದಿತು. ಮೂಲ ಪ್ರಮಾಣವೇ ಬಹಳ ಚಿಕ್ಕದಾದುದರಿಂದ ಈ ಅಂಕಿಗಳಿಗೆ ಬೆದರಬೇಕಾಗಿಲ್ಲ. ಆದರೆ ಚೀಲದಲ್ಲಿ ನೆಲೆನಿಂತ ವೃಷಣದಲ್ಲಿ ಗಂಟು ಎದ್ದರೆ ಕೈಗೆ ಸಿಗುತ್ತದೆ, ಹೊಟ್ಟೆಯೊಳಗೆ ಉಳಿದದ್ದರಲ್ಲಿ ಎದ್ದರೆ ಸಿಗುವುದಿಲ್ಲ. ಹುಡುಗ ಪ್ರಾಯಕ್ಕೆ ಬಂದಾಗ ತಿಂಗಳಿಗೊಮ್ಮೆ ಸ್ನಾನದ ಸಮಯದಲ್ಲಿ ತಾನೇ ಮುಟ್ಟಿ ನೋಡಿಕೊಳ್ಳುವುದನ್ನು ತಂದೆ ಅಥವಾ ವೈದ್ಯರು ಅವನಿಗೆ ನಾಚಿಕೆಯಿಲ್ಲದೆ ಕಲಿಸಬೇಕು.

ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ನಾಡಿನಿಂದ ಹೊರಗಿರುವ ಕುಟುಂಬಗಳಿಗೆ ಸಣ್ಣದಲ್ಲ. ಇದು ಮಕ್ಕಳ ಶಸ್ತ್ರಚಿಕಿತ್ಸಾ ತಜ್ಞರ ಕೆಲಸ. ಮುಂಬಯಿ ಪರೇಲಿನ ವಾಡಿಯಾ ಮಕ್ಕಳ ಆಸ್ಪತ್ರೆ, ಚೆನ್ನೈ ಎಗ್ಮೋರಿನ ಮಕ್ಕಳ ಆರೋಗ್ಯ ಸಂಸ್ಥೆ, ಹೈದರಾಬಾದಿನ ನಿಲೋಫರ್, ದೆಹಲಿಯ ಕಲಾವತಿ ಸರನ್ ಮತ್ತು ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ, ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇವುಗಳಲ್ಲಿ ಈ ವಿಭಾಗವಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೆ ಬಂದಾಗ ತಾಯಿ ಈ ಸಂಗತಿಯನ್ನು ತಾನಾಗಿ ಹೇಳಬೇಕು, ಕೇಳುವವರೆಗೆ ಕಾಯಬಾರದು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ ಯೋಜನೆಯ ಕಾರ್ಡು ಉಳ್ಳವರು ಆಸ್ಪತ್ರೆಯ ಆಯುಷ್ಮಾನ್ ಮಿತ್ರರನ್ನು ಕಂಡು ವಿಚಾರಿಸಬೇಕು. ಅರ್ಹ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗಿನ ಆಸ್ಪತ್ರೆ ವೆಚ್ಚವನ್ನು ಯೋಜನೆ ಭರಿಸುತ್ತದೆ.

ಇನ್ನೊಂದು ಸಣ್ಣ ಮಾತು. ಕೆಲಸ ಅರಸಿ ಊರಿಂದೂರಿಗೆ ಹೋಗುವ ಕುಟುಂಬಗಳಲ್ಲಿ ಆಸ್ಪತ್ರೆಯ ಕಾಗದಗಳು ಕಳೆದುಹೋಗುತ್ತವೆ. ಈ ದೋಷದಲ್ಲಿ ಯಾವ ವೃಷಣ ಯಾವ ಕಡೆಯಿಂದ ಬಂದದ್ದು, ಅದರ ನಾಳ ಯಾವ ಮಾರ್ಗವಾಗಿ ಸಾಗಿದೆ, ಗರ್ಭಾಶಯದ ಅವಶೇಷವಿತ್ತೆ, ಇದ್ದರೆ ಅದನ್ನು ಉಳಿಸಿದ್ದಾರೆಯೆ ಎಂಬ ವಿವರಗಳು ಶಸ್ತ್ರಕ್ರಿಯೆಯ ಟಿಪ್ಪಣಿಯಲ್ಲಿ ಮಾತ್ರ ಇರುತ್ತವೆ. ಹೊರಗಿನ ಗಾಯದ ಗೆರೆಯನ್ನು ನೋಡಿ ಯಾರೂ ಹೇಳಲಾರರು. ಇಪ್ಪತ್ತು ವರ್ಷಗಳ ನಂತರ ಬೇರೊಂದು ಊರಿನ ವೈದ್ಯರಿಗೆ ಅದು ಬೇಕಾಗಬಹುದು. ಬಿಡುಗಡೆಯ ಚೀಟಿಯೊಡನೆ ಆ ಟಿಪ್ಪಣಿಯ ಪ್ರತಿಯನ್ನೂ ಕೇಳಿ ಪಡೆದು, ಮಗುವಿನ ಜನನ ಪ್ರಮಾಣಪತ್ರವಿರುವಲ್ಲಿಯೇ ಇಡಬೇಕು.